ಪರದೆ ಮೇಲಿನ 66ನೇ ಗೆರೆ, ಮತ್ತೆ ಒಂದಿಷ್ಟು ಥ್ಯಾಂಕ್ಸ್

ಕಾನ್ಸರ್ಟ್ ಮುಗೀತು, ನಿದ್ದೆ ಇನ್ನೂ ನೆಟ್ಟಗೆ ಬಂದಿಲ್ಲ, ಆದ್ರೂ ಇದನ್ನ ಬರೀದೆ ಮಲಗಿದ್ರೆ ತಪ್ಪಾಗತ್ತೆ.

ಮೊದಲು ವಯಲಿನ್ ನುಡಿಸಿದ ಮೇಡಂಗೆ. ಬೀಬರ್ ಅನ್ನೋ ಹಳೇ ಸಂಗೀತಗಾರ ಬರೆದ ಪಾಸಕಾಲಿಯಾ ಕೇಳದವ್ರಿಗೆ ಹೇಳ್ತೀನಿ, 17ನೇ ಶತಮಾನದ್ದು, ಒಂಟಿ ವಯಲಿನ್, ಕೆಳಗಿಳಿಯೋ ನಾಲ್ಕೇ ನಾಲ್ಕು ಸ್ವರ, ಅದೇ 65 ಸಲ ಬರತ್ತೆ, ಮಿಕ್ಕಿದ್ದೆಲ್ಲ ಅದರ ಮೇಲೇನೇ ಬೆಳೆಯೋದು. ಇದರ ಜೊತೆ ಸದ್ದು ಸೇರಿಸೋಕೆ ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ತೀನಿ ಅಂದಾಗ ಅವರು ಬೈಲಿಲ್ಲ. "ನಂದು ಕರುಳಿನ ತಂತಿ ಕಣಪ್ಪ, ಅದು ನಿನ್ನ ಮಾತು ಕೇಳಲ್ಲ, ನೀನೇ ಅದರ ಮಾತು ಕೇಳ್ಬೇಕು" ಅಂದ್ರು ಅಷ್ಟೇ.

ಮೊದಲ ರಿಹರ್ಸಲಲ್ಲೇ ನನ್ನ ಮಾನ ಹೋಯ್ತು. ಆ ಕಾಲದ ಸಂಗೀತ ನುಡಿಸೋ ಬರೋಕ್‌ನವ್ರು ಈಗ ಸಾಮಾನ್ಯವಾಗಿ 415 ಹರ್ಟ್ಜ್‌ಗೆ ಶ್ರುತಿ ಮಾಡ್ಕೋತಾರೆ, ಮಾಮೂಲಿ ವಾದ್ಯಗಳು 440, ಹತ್ತಹತ್ರ ಅರ್ಧ ಸ್ವರ ವ್ಯತ್ಯಾಸ, ಇದು ಗೊತ್ತಿದ್ದೂ ನಾನು ಮಾಡಿಟ್ಟಿದ್ದ ಡ್ರೋನೆಲ್ಲ (ತಂಬೂರಿ ಥರ ಒಂದೇ ಸಮ ನಿಲ್ಲೋ ಸ್ವರ) 440ರಲ್ಲಿ! ಎರಡೂ ಒಟ್ಟಿಗೆ ಶುರುವಾದಾಗ ಹಲ್ಲು ಜುಮ್ ಅಂತು. ಅವತ್ತು ಯಾರೂ ನಗ್ಲಿಲ್ಲ ನೋಡಿ, ಅದಕ್ಕೇ ಒಂದು ದೊಡ್ಡ ಥ್ಯಾಂಕ್ಸ್.

ಹಾರ್ಪ್ಸಿಕಾರ್ಡ್ (ಪಿಯಾನೋ ಥರದ ಹಳೇ ತಂತಿವಾದ್ಯ) ಶ್ರುತಿ ಮಾಡೋ ಅಣ್ಣಂಗೆ ಕೈ ಮುಗೀಬೇಕು. ಸ್ಟೇಜ್ ಲೈಟಿನ ಶಾಖಕ್ಕೆ ಅದು ಪದೇ ಪದೇ ಜಾರ್ತಿತ್ತು, ಇಂಟರ್ವಲಲ್ಲಿ ಎಲ್ರೂ ಕಾಫಿಗೆ ಹೋದ್ರೆ ಇವರೊಬ್ರೇ ಕೀ ಹಿಡಿದು ಕಿವಿ ತಂತಿಗಿಟ್ಟು ಕೂತಿದ್ರು.

ವಿಶುವಲ್ಸ್ ಮಾಡಿದ ಗೆಳೆಯಾ, ನಿನ್ನ ಐಡಿಯಾ ಕೇಳಿದಾಗ ಬೋರಾಗತ್ತೆ ಅಂದಿದ್ದೆ, ವಾಪಸ್ ತಗೊಂಡೆ. ನಾಲ್ಕು ಸ್ವರ ಇಳಿದಾಗೆಲ್ಲ ಪರದೆ ಮೇಲೆ ಒಂದು ಓರೆ ಗೆರೆ, ಹಳೇ ಗೆರೆ ಅಳಿಸಲ್ಲ, ಅಷ್ಟೇ. ಆ ಕತ್ತಲಲ್ಲಿ ಅದು ಮಳೆ ಥರ ತುಂಬ್ಕೊಂಡು ಬಂದಿದ್ದನ್ನ ನೋಡಿ ನಾನು ಸದ್ದು ಶುರು ಮಾಡ್ಬೇಕಿದ್ದ ಒಂದು ಕ್ಯೂ ಮಿಸ್ ಮಾಡ್ದೆ, ಯಾರಿಗೂ ಗೊತ್ತಾಗ್ಲಿಲ್ಲ ಅನ್ಕೊಂಡಿದೀನಿ.

ಇನ್ನು ಆ ಘಟನೆ. ಅರ್ಧದಲ್ಲಿ ಮೇಲಿನ ತಂತಿ ಇಳಿದೋಯ್ತು, ಮೇಡಂ ನಿಲ್ಲಿಸಿ ಅಲ್ಲೇ ಬಿರಡೆ ತಿರುಗಿಸಿದ್ರು. ನನ್ನ ಮೈಕ್ ಆನಲ್ಲೇ ಇತ್ತು, ಆ ಶ್ರುತಿ ಮಾಡೋ ಸದ್ದನ್ನೇ ಲ್ಯಾಪ್‌ಟಾಪ್ ಹಿಡ್ಕೊಂಡು ಹಾಲ್ ತುಂಬಾ ಮೆಲ್ಲಗೆ ತಿರುಗಿ ತಿರುಗಿ ಕೇಳಿಸ್ತು, ನಾನು ಬೆವರಿದ್ದೆ, ಮೇಡಂ ಮಾತ್ರ ಕಣ್ಮುಚ್ಚಿ ಅದನ್ನ ಪೂರ್ತಿ ಕೇಳಿ, ಅದು ಆರಿದ ಮೇಲೇ ಬಿಲ್ಲು ಎತ್ತಿದ್ರು. ಕೆಮ್ಮದೆ, ಫೋನ್ ತೆಗೀದೆ ಕಾದು ಕೂತ ನಿಮಗೆಲ್ರಿಗೂ ಥ್ಯಾಂಕ್ಸ್.

ಇವತ್ತು ರೆಕಾರ್ಡಿಂಗ್ ನೋಡಿದ್ವಿ, ಪರದೆ ಮೇಲೆ 66 ಗೆರೆ ಇದೆ, ಆ ಶ್ರುತಿಯನ್ನೂ ಸಾಫ್ಟ್‌ವೇರ್ ಒಂದು ಸಲ ಅಂತ ಎಣಿಸ್ಬಿಟ್ಟಿದೆ. ತೆಗೀಲಾ ಅಂತ ಗೆಳೆಯ ಕೇಳ್ದ, ಇರ್ಲಿ ಬಿಡೋ ಅಂದೆ.