ಅಡಿಕೆ ಹಾಳೆ ತಟ್ಟೆಯ ಘಟಕವನ್ನು ದೊಡ್ಡ ಬಿಲ್ಡಿಂಗಿಗೆ ಒಯ್ಯುವ ಮೊದಲು

ಪ್ರೀತಿಯ ಗೆಳೆಯಾ,

ನಮ್ಮ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಶೆಡ್ಡು ಬಿಟ್ಟು ಸೀತಾಂಗೋಳಿ ಕಡೆಯ ದೊಡ್ಡ ಬಿಲ್ಡಿಂಗಿಗೆ ಹೋಗುವುದೋ ಬೇಡವೋ ಎಂದು ಕೇಳಿದ್ದೀಯ. ಜಾಗ ಸಾಲದು ಎಂದು ಮೂರು ಕಡೆ ಬರೆದಿದ್ದೀಯ, ಆದರೆ ಯಾವುದಕ್ಕೆ ಸಾಲದು ಎಂದು ಒಂದು ಕಡೆಯೂ ಇಲ್ಲ. ಮೊದಲು ತಿಳಿಯಬೇಕಾದ್ದು ಅದು ಮಾರಾಯ. ಯಂತ್ರ ಇಡಲು ಜಾಗವಿಲ್ಲವೋ, ಹಾಳೆ ರಾಶಿ ಹಾಕಲು ಇಲ್ಲವೋ, ಒತ್ತಿದ ತಟ್ಟೆ ಆರಿಸಿ ಪ್ಯಾಕ್ ಮಾಡಲು ಇಲ್ಲವೋ? ಹಾಳೆ ತಟ್ಟೆಯ ಕೆಲಸದಲ್ಲಿ ಶೆಡ್ಡು ತುಂಬುವುದು ಹೆಚ್ಚಾಗಿ ಹಾಳೆಯ ಕಟ್ಟುಗಳಿಂದ. ಯಂತ್ರಕ್ಕೆ ಬೇಕಾದ್ದು ಒಂದು ಮೂಲೆ, ಅದರ ಸುತ್ತ ಜನ ನಡೆದಾಡುವಷ್ಟು ಜಾಗ. ಹಾಳೆಯ ಲೆಕ್ಕ ಬೇರೆ. ಒಣ ಹಾಳೆ ಸಿಗುವುದು ಮಳೆ ಹೋದ ಮೇಲೆ, ಡಿಸೆಂಬರಿನಿಂದ ಮೇವರೆಗೆ. ಆ ಆರು ತಿಂಗಳಲ್ಲಿ ಇಡೀ ವರ್ಷಕ್ಕೆ ಬೇಕಾದ್ದನ್ನು ಕೂಡಿಡಬೇಕು. ಆದ್ದರಿಂದ ಮೇ ಕೊನೆಗೆ ಶೆಡ್ಡು ಉಸಿರು ಕಟ್ಟುತ್ತದೆ, ನವೆಂಬರಿಗೆ ಅರ್ಧ ಖಾಲಿ ಇರುತ್ತದೆ. ವರ್ಷದಲ್ಲಿ ನಾಲ್ಕೈದು ತಿಂಗಳ ಇಕ್ಕಟ್ಟಿಗಾಗಿ ಹನ್ನೆರಡು ತಿಂಗಳ ಬಾಡಿಗೆ ಕೊಡಬೇಕೇ ಎಂಬುದು ನಿನ್ನ ನಿಜವಾದ ಪ್ರಶ್ನೆ.

ಬಾಡಿಗೆ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಹಳೆಯ ಬಾಡಿಗೆ, ಹೊಸ ಬಾಡಿಗೆ, ಅದರ ವ್ಯತ್ಯಾಸ ಇಷ್ಟನ್ನೇ ನೋಡುತ್ತಾರೆ. ಒಂದು ಉದಾಹರಣೆ ಹೇಳುತ್ತೇನೆ, ನಿನ್ನ ಅಂಕಿ ಹಾಕಿ ನೋಡು. ಈಗ 6,000 ರೂಪಾಯಿ, ಅಲ್ಲಿ 18,000. ವ್ಯತ್ಯಾಸ 12,000. ಕರೆಂಟಿನ ಹೆಚ್ಚುವರಿ ನಿಗದಿ ಶುಲ್ಕ, ಹಾಳೆ ಸಾಗಾಟ ಸೇರಿ ತಿಂಗಳಿಗೆ ಇನ್ನೊಂದು 3,000. ಹಾಳೆ, ಕೂಲಿ, ಕರೆಂಟು, ಪ್ಯಾಕಿಂಗ್ ಕಳೆದು ಒಂದು ತಟ್ಟೆಯಲ್ಲಿ ಉಳಿಯುವುದು 1.20 ರೂಪಾಯಿ ಎಂದಿಟ್ಟುಕೊ. 15,000ವನ್ನು 1.20ರಿಂದ ಭಾಗಿಸಿದರೆ ತಿಂಗಳಿಗೆ 12,500 ತಟ್ಟೆ, 25 ಕೆಲಸದ ದಿನವಾದರೆ ದಿನಕ್ಕೆ 500 ಹೆಚ್ಚು. ಆಗಬಹುದು ಅನಿಸುತ್ತದೆ. ಆದರೆ ವಯರಿಂಗು, ಪ್ಯಾನೆಲ್ ಬೋರ್ಡು, ನೀರಿನ ತೊಟ್ಟಿ, ಅಟ್ಟ, ಲಾರಿ, ಕೆಲಸ ನಿಂತ ದಿನಗಳ ನಷ್ಟ ಎಲ್ಲ ಸೇರಿ 1,80,000 ಆದರೆ, ಮೂರು ವರ್ಷದ ಕರಾರಿಗೆ ಹಂಚಿದಾಗ ತಿಂಗಳಿಗೆ 5,000. ಒಂದು ಲಕ್ಷ ಅಡ್ವಾನ್ಸು ಬಡ್ಡಿಯಿಲ್ಲದೆ ಕೂತಿರುವುದರ ನಷ್ಟ ತಿಂಗಳಿಗೆ ಸುಮಾರು 1,000. ಒಟ್ಟು 21,000, ಅಂದರೆ ತಿಂಗಳಿಗೆ 17,500 ತಟ್ಟೆ, ದಿನಕ್ಕೆ 700. ಇದು ಲಾಭವಲ್ಲ, ಈಗ ಇದ್ದ ಸ್ಥಿತಿಯಲ್ಲೇ ಉಳಿಯಲು ಬೇಕಾದ್ದು. ಕರಾರು ಹನ್ನೊಂದು ತಿಂಗಳದ್ದಾದರೆ ಅದೇ 1,80,000 ತಿಂಗಳಿಗೆ 16,000ಕ್ಕಿಂತ ಮೇಲೆ ಬೀಳುತ್ತದೆ. ಆಗ ಲೆಕ್ಕ ನಿಲ್ಲುವುದೇ ಇಲ್ಲ.

ಆ 700 ತಟ್ಟೆ ಯಾರು ಕೊಳ್ಳುತ್ತಾರೆ ಎಂದು ಹೆಸರು ಹಿಡಿದು ಬರೆ. ಕೇರಳದಲ್ಲಿ 2020ರ ಜನವರಿಯಿಂದ, ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳಿಗೆ ನಿಷೇಧ ಬಂದ ಮೇಲೆ ಮದುವೆ, ಕ್ಯಾಟರಿಂಗ್‌ನವರ ಬೇಡಿಕೆ ಗಟ್ಟಿ ನೆಲದ ಮೇಲಿದೆ. ರಫ್ತಿನವರ ಆರ್ಡರಿನ ಮೇಲೆ ಬಾಡಿಗೆ ಕಟ್ಟುವ ಯೋಚನೆ ಇದ್ದರೆ ಮಾತ್ರ ದಯವಿಟ್ಟು ನಿಲ್ಲಿಸು. 2025ರ ಮೇಯಲ್ಲಿ ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ, ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಅಂಶಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ಆಹಾರಕ್ಕೆ ಬಳಸುವುದನ್ನು ಒಪ್ಪಲಿಲ್ಲ. ಅಲ್ಲಿಗೆ ಹೋಗುತ್ತಿದ್ದ ಮಾಲು ಊರಿನ ಪೇಟೆಗೆ ತಿರುಗಿದರೆ ದರಕ್ಕೂ ಪೆಟ್ಟು. ನಿನ್ನ 1.20 ಒಂದು ರೂಪಾಯಿಗೆ ಇಳಿದರೆ 700 ಇದ್ದದ್ದು 840 ಆಗುತ್ತದೆ. ಈ ಅಂಕಿಯನ್ನೂ ಹಾಕಿ ನೋಡಿದ ಮೇಲೆಯೇ ಮಾತು ಕೊಡು.

ಈಗ ಬಿಲ್ಡಿಂಗಿನ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿಗೆ. ಹಾಳೆಗೆ ಶತ್ರು ಶೀತ, ಅಂದರೆ ತೇವ. ಬೂಸರು ಹಿಡಿದ ಹಾಳೆಯನ್ನು ಎಷ್ಟು ಉಜ್ಜಿ ತೊಳೆದರೂ ಒತ್ತಿದ ಮೇಲೆ ಕಪ್ಪು ಚುಕ್ಕೆ ಎದ್ದು ಕಾಣುತ್ತದೆ, ಪೆಟ್ಟಿಗೆಯಲ್ಲಿ ನಾಲ್ಕು ಚುಕ್ಕೆ ತಟ್ಟೆ ಸಿಕ್ಕಿದರೆ ಇಡೀ ಲೋಡು ಹಿಂದೆ ಬರುತ್ತದೆ. ಬೇಸಿಗೆಯಲ್ಲಿ ಎಲ್ಲ ಬಿಲ್ಡಿಂಗೂ ಒಣಗಿಯೇ ಇರುತ್ತದೆ, ಆದ್ದರಿಂದ ಗುರುತು ಹುಡುಕಬೇಕು. ಗುಡ್ಡೆ ಕಡಿದು ಕಟ್ಟಿದ ಬಿಲ್ಡಿಂಗ್ ಆದರೆ ಮೊದಲು ಹಿಂದಿನ ಗೋಡೆಗೆ ಹೋಗು. ಬರೆಗೂ (ಗುಡ್ಡೆ ಕಡಿದ ಮಣ್ಣಿನ ಬದಿಗೂ) ಗೋಡೆಗೂ ನಡುವೆ ಮನುಷ್ಯ ನಡೆಯುವಷ್ಟು ಸಂದು, ಕೆಳಗೆ ನೀರು ಹರಿದು ಹೋಗುವ ಚರಂಡಿ ಇರಬೇಕು. ಮಣ್ಣು ಗೋಡೆಗೆ ತಾಗಿಕೊಂಡಿದ್ದರೆ ಮಳೆಗಾಲವಿಡೀ ಕೆಂಪುಕಲ್ಲು ನೀರು ಎಳೆಯುತ್ತಲೇ ಇರುತ್ತದೆ. ಒಳಗೆ ನೆಲದಿಂದ ಎರಡಡಿವರೆಗೆ ಸಾರಣೆ ಉಬ್ಬಿದೆಯೇ, ಉಗುರಿನಿಂದ ಕೆರೆದರೆ ಬಿಳಿ ಹುಡಿ ಉದುರುತ್ತದೆಯೇ ನೋಡು. ಹೊಸ ಪೈಂಟು ಗೋಡೆಯ ಬುಡಕ್ಕೆ ಮಾತ್ರ ಹೊಡೆದಿದ್ದರೆ ಅದೂ ಒಂದು ಉತ್ತರವೇ.

ನೆಲಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಎರಡಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಶೀಟನ್ನು ಬರಿ ಸಿಮೆಂಟಿನ ಮೇಲೆ ಹಾಸಿ ನಾಲ್ಕು ಅಂಚಿಗೂ ಗಾಳಿ ಹೋಗದಂತೆ ಟೇಪು ಅಂಟಿಸು. ಒಂದು ರಾತ್ರಿ ಒಂದು ಹಗಲು ಬಿಟ್ಟು ನೋಡು. ಶೀಟಿನ ಅಡಿಯಲ್ಲಿ ಹನಿ ಕಂಡರೆ ಅಥವಾ ಸಿಮೆಂಟು ಕಪ್ಪಗಾಗಿದ್ದರೆ ನೆಲದಡಿಯಿಂದ ತೇವ ಏರುತ್ತಿದೆ ಎಂದರ್ಥ. ಇದನ್ನು ಮಧ್ಯದಲ್ಲಿ ಒಂದು, ಬರೆಯ ಕಡೆಯ ಗೋಡೆಯ ಹತ್ತಿರ ಒಂದು ಮಾಡು. ಮಳೆಗಾಲದಲ್ಲಿ ಮಾಡಿದರೆ ಹೆಚ್ಚು ನಂಬಬಹುದು. ಬೇಸಿಗೆಯಲ್ಲೇ ಹನಿ ಕಂಡರೆ ಆ ಬಿಲ್ಡಿಂಗ್ ಹಾಳೆಗೆ ಬೇಡ, ಬಾಡಿಗೆ ಎಷ್ಟು ಕಡಿಮೆ ಇದ್ದರೂ ಬೇಡ.

ಶೀಟಿನ ಮಾಡಿಗೆ ಇನ್ನೊಂದು ತೊಂದರೆ. ಮಳೆಗಾಲದ ರಾತ್ರಿ ಶೀಟು ತಣ್ಣಗಾದಾಗ ಒಳಗಿನ ತೇವ ಅದರಡಿ ಹನಿಗಟ್ಟಿ ಕಟ್ಟುಗಳ ಮೇಲೆ ಬೀಳುತ್ತದೆ. ಸೋರುತ್ತಿದೆ ಎಂದುಕೊಂಡು ಸ್ಕ್ರೂ ಬಿಗಿಯುತ್ತಾರೆ, ನಿಲ್ಲುವುದಿಲ್ಲ. ಮೇಲೆ ಗಾಳಿ ಹೊರಹೋಗುವ ದಾರಿ ಬೇಕು, ರಾಶಿಗೂ ಶೀಟಿಗೂ ನಡುವೆ ಎರಡಡಿ ಬಿಡಬೇಕು, ಗೋಡೆಯಿಂದ ಒಂದಡಿ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ. ನೆನೆಸುವ ತೊಟ್ಟಿ, ಬಿಸಿ ಡೈ (ತಟ್ಟೆ ಒತ್ತುವ ಅಚ್ಚು) ಇರುವ ಕೋಣೆಯಲ್ಲೇ ದಾಸ್ತಾನು ಇದ್ದರೆ ಶೀತವನ್ನು ನಾವೇ ತಯಾರಿಸಿದ ಹಾಗೆ. ಬೆಂಕಿಯ ಭಯವೂ ಅಲ್ಲೇ ಇದೆ: ಥರ್ಮೋಸ್ಟಾಟು ಕೆಟ್ಟು ಹೀಟರು ಆರದೆ ಹೋದಾಗ ಪಕ್ಕದಲ್ಲಿ ಒಣ ಹಾಳೆ ಇರಬಾರದು. ಎರಡರ ನಡುವೆ ಗೋಡೆ ಎಬ್ಬಿಸಲು ಮಾಲೀಕರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳು.

ಬಾಡಿಗೆ ಹೇಳುವುದು ಚದರಡಿಗೆ, ಹಾಳೆ ತುಂಬುವುದು ಘನ ಅಡಿಯಲ್ಲಿ. ಒಂಬತ್ತಡಿ ಎತ್ತರದ ಅಂಗಡಿಕೋಣೆಯಲ್ಲಿ ಕೆಳಗೆ ಅರ್ಧ ಅಡಿ, ಮೇಲೆ ಎರಡಡಿ ಬಿಟ್ಟರೆ ರಾಶಿಗೆ ಸಿಗುವುದು ಆರೂವರೆ ಅಡಿ. ಹದಿಮೂರಡಿಯ ಗೋಡೌನಿನಲ್ಲಿ ಹತ್ತೂವರೆ. ಅಟ್ಟ ಹಾಕಿದರೆ ಅದೇ ನೆಲದಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ಹಿಡಿಸುತ್ತದೆ. ನೀನು ನೋಡಿದ ಬಿಲ್ಡಿಂಗಿನ ಎತ್ತರ ಕಾಗದದಲ್ಲಿ ಇಲ್ಲ, ಅಳೆದು ಬಾ.

ಕರೆಂಟಿನ ವಿಷಯವನ್ನು ಅಡ್ವಾನ್ಸು ಕೊಡುವ ಮೊದಲೇ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿನಲ್ಲಿ ಕೇಳಬೇಕು. ನಾಲ್ಕು ಡೈಯ ಯಂತ್ರದಲ್ಲಿ ಡೈಗೆ 1,000 ವಾಟ್ ಹೀಟರು, 2 ಎಚ್‌ಪಿ ಮೋಟರು ಇದ್ದರೆ ಒಂದಕ್ಕೆ ಐದೂವರೆ ಕಿಲೋವ್ಯಾಟ್. ಎರಡು ಯಂತ್ರ, ನೀರಿನ ಪಂಪು, ಬಲ್ಬು, ಫ್ಯಾನು ಸೇರಿ ಹನ್ನೆರಡು ದಾಟುತ್ತದೆ. ನಿನ್ನ ಯಂತ್ರದ ಫಲಕ ನೋಡಿ ಸರಿಯಾದ ಅಂಕಿ ಬರೆದುಕೊ. 5 ಕಿಲೋವ್ಯಾಟ್ ಮೀರಿದರೆ ಮೂರು ಫೇಸು ಬೇಕು. ಅಂಗಡಿಗಾಗಿ ಕಟ್ಟಿದ ಬಿಲ್ಡಿಂಗಿನ ಕನೆಕ್ಷನ್ ವ್ಯಾಪಾರದ ದರವರ್ಗ ಎಲ್‌ಟಿ 7ಎ ಆಗಿರುತ್ತದೆ, ನಿನಗೆ ಬೇಕಾದ್ದು ಕೈಗಾರಿಕೆಯ ಎಲ್‌ಟಿ 4ಎ. ಹಳೆಯ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡು: ಯಾರ ಹೆಸರು, ಯಾವ ದರವರ್ಗ, ಎಷ್ಟು ಲೋಡು, ಬಾಕಿ ಉಂಟೋ. ಲೋಡು ಹೆಚ್ಚಿಸಲು ಮಾಲೀಕರ ಒಪ್ಪಿಗೆ ಬೇಕಾಗುತ್ತದೆ, ಲೈನು ಎಳೆಯುವ ಖರ್ಚು ಯಾರದ್ದು ಎಂಬುದು ಕರಾರಿನಲ್ಲಿ ಬರಲಿ.

ಸಂಜೆ ಏಳು ಗಂಟೆಗೆ ಮಲ್ಟಿಮೀಟರು ಹಿಡಿದು ಅಲ್ಲಿಯ ವೋಲ್ಟೇಜು ನೋಡು. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಇದ್ದರೆ ಶಾಖ ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ. ಡೈ ಬಿಸಿಯಾಗುವುದು ತಡ, ತಟ್ಟೆಯ ಅಂಚು ಸರಿಯಾಗಿ ಕೂರುವುದಿಲ್ಲ, ತೇವ ಒಳಗೇ ಉಳಿದು ಪ್ಯಾಕಿನಲ್ಲಿ ಬೂಸರು. ಹೀಟರುಗಳನ್ನು ಮೂರು ಫೇಸಿಗೂ ಸಮನಾಗಿ ಹಂಚಿಸು. ಎರಡು ಯಂತ್ರದ ಎಂಟೂ ಒಂದೇ ಫೇಸಿಗೆ ಬಿದ್ದರೆ ಅದರ ಮೇಲೆ 35 ಆಂಪಿಯರ್ ಬಿದ್ದು ಫ್ಯೂಸು ಹೋಗುತ್ತಲೇ ಇರುತ್ತದೆ.

ಕಾಗದಪತ್ರದಲ್ಲಿ ಒಂದು ವಿಷಯಕ್ಕೆ ಮಾತ್ರ ಹಟ ಹಿಡಿ: ಕಟ್ಟಡಕ್ಕೆ ಪಂಚಾಯತಿನ ನಂಬ್ರ ಇರಬೇಕು, ಅದು ಯಾವ ಬಳಕೆಗೆ ಸಿಕ್ಕಿದ್ದು ಎಂದು ನೋಡಬೇಕು. ದಾಖಲೆಯಲ್ಲಿ ಗದ್ದೆ ಎಂದಿರುವ ಜಾಗದಲ್ಲಿ ಎದ್ದ ಕಟ್ಟಡವಾದರೆ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಎದುರು ನಿಲ್ಲುತ್ತದೆ, ಲೈಸೆನ್ಸು ಸಿಕ್ಕದೆ ನೀನು ಸಿಕ್ಕಿಬೀಳುತ್ತೀಯ. ನೀರ್ಚಾಲು ಬದಿಯಡ್ಕ ಪಂಚಾಯತು, ಸೀತಾಂಗೋಳಿ ಪುತ್ತಿಗೆ, ಆದ್ದರಿಂದ ಹಳೆಯ ಲೈಸೆನ್ಸು ಜೊತೆಗೆ ಬರುವುದಿಲ್ಲ. ಕೇರಳದ 2019ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ, ಮಾಲಿನ್ಯದ ರೆಡ್ ವರ್ಗಕ್ಕೆ ಸೇರದ ಸಣ್ಣ ಘಟಕಕ್ಕೆ ಕೆ-ಸ್ವಿಫ್ಟ್‌ನಲ್ಲಿ (ಸರ್ಕಾರದ ಆನ್‌ಲೈನ್ ಅನುಮತಿ ಪೋರ್ಟಲ್) ಸ್ವೀಕೃತಿ ಪತ್ರ ಪಡೆದು 3 ವರ್ಷ ನಡೆಸುವ ಅವಕಾಶವಿದೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸು. ಪಿಎಂಇಜಿಪಿ (ಕೇಂದ್ರದ ಸ್ವಉದ್ಯೋಗ ಯೋಜನೆ) ಸಾಲದ ಸಬ್ಸಿಡಿ ಇನ್ನೂ ಮೂರು ವರ್ಷದ ಲಾಕ್‌ನಲ್ಲಿದ್ದರೆ ಬ್ಯಾಂಕಿಗೆ ಬರೆದು ಕೊಟ್ಟೇ ಸ್ಥಳ ಬದಲಿಸು, ಪರಿಶೀಲನೆಗೆ ಬಂದವರಿಗೆ ಹಳೆಯ ವಿಳಾಸದಲ್ಲಿ ಖಾಲಿ ಶೆಡ್ಡು ಕಂಡರೆ ಕಷ್ಟ. ವಿಮೆಯೂ ವಿಳಾಸಕ್ಕೆ ಅಂಟಿಕೊಂಡದ್ದು, ಸಾಮಾನು ಲಾರಿಗೆ ಹತ್ತುವ ಮೊದಲೇ ಹೊಸ ವಿಳಾಸ ಸೇರಿಸಿಸು.

ನಿನಗೆ ಜಿಎಸ್‌ಟಿ ನೋಂದಣಿ ಇದ್ದು ಮಾಲೀಕರಿಗೆ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಇಂಥ ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ನೀನೇ ಕಟ್ಟಬೇಕು. 18,000ಕ್ಕೆ 3,240 ಆಯಿತು. ಕಾಂಪೊಸಿಷನ್‌ನಲ್ಲಿರುವವರನ್ನು (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯವರನ್ನು) 2025ರ ಜನವರಿ 16ರಿಂದ ಇದರಿಂದ ಬಿಟ್ಟಿದ್ದಾರೆ. ನೀನು ಮಾರುವ ಮಾಲಿನ ಮೇಲೆ ತೆರಿಗೆ ಇಲ್ಲದಿದ್ದರೆ ಅದು ವಾಪಸು ಸಿಗುವುದಿಲ್ಲ, ಮೇಲಿನ ಲೆಕ್ಕಕ್ಕೆ ಸೇರಿಸು. ವಿಳಾಸ ಬದಲಾದ 15 ದಿನದೊಳಗೆ ಪೋರ್ಟಲಿನಲ್ಲಿ ತಿದ್ದುಪಡಿ ಹಾಕಬೇಕು.

ಕರಾರು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡು, ಪಕ್ಕದಲ್ಲಿ ಬರೆದುಕೊಂಡು ಸಹಿ ಹಾಕು, ಅದರಲ್ಲಿ ಸಂಕೋಚ ಬೇಡ. ಹನ್ನೊಂದು ತಿಂಗಳಿನದ್ದು ಬೇಡ. ಮೂರು ವರ್ಷದ್ದು ಮಾಡಿಸಿ ನೋಂದಣಿ ಮಾಡು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಮೂರು ವರ್ಷ ಮಾಲೀಕರು ಎಬ್ಬಿಸುವಂತಿಲ್ಲ, ನೀನು ಮೂರು ತಿಂಗಳ ನೋಟೀಸು ಕೊಟ್ಟು ಬಿಡಬಹುದು ಎಂಬ ಷರತ್ತಿಗೆ ಹೋರಾಡು. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಶೀಟು ಹಾರಿದರೆ ಯಾರು ಹಾಕಿಸಬೇಕು, ಬಿಡುವಾಗ ಪ್ಯಾನೆಲ್ ಬೋರ್ಡು, ಅಟ್ಟ ಯಾರದ್ದು, ಅಡ್ವಾನ್ಸು ಎಷ್ಟು ದಿನದಲ್ಲಿ ವಾಪಸು ಎಲ್ಲ ಬರಲಿ. ಮೂರು ಫೇಸು, ಪಂಚಾಯತಿನ ಅನುಮತಿ ಸಿಕ್ಕಿದ ದಿನದಿಂದ ಬಾಡಿಗೆ ಶುರು, ಸಿಕ್ಕದಿದ್ದರೆ ಅಡ್ವಾನ್ಸು ಪೂರ್ತಿ ವಾಪಸು ಎಂಬ ಒಂದು ಸಾಲಿಗೆ ಮಾಲೀಕರು ಒಪ್ಪದಿದ್ದರೆ ಎದ್ದು ಬಾ.

ಕೆಲಸಕ್ಕೆ ಬರುವ ಹೆಂಗಸರನ್ನೂ ಕೇಳು. ಈಗ ನಡೆದು ಬರುವವರಿಗೆ ಅಲ್ಲಿ ಬಸ್ಸು. ಕೊನೆಯ ಬಸ್ಸಿಗೆ ಕೆಲಸ ಬಿಡಬೇಕಾದರೆ ದಿನಕ್ಕೆ ಅರ್ಧ ಗಂಟೆ ಹೋಯಿತು. ಕೈ ಪಳಗಿದ ಇಬ್ಬರು ಬಿಟ್ಟರೆ ಆ 700 ತಟ್ಟೆ ಎಲ್ಲಿಂದ ಬರುತ್ತದೆ?

ನನ್ನ ಅಭಿಪ್ರಾಯ ಕೇಳಿದರೆ, ಯಂತ್ರಗಳು ಈ ವರ್ಷ ಇದ್ದಲ್ಲೇ ಇರಲಿ. ಏಪ್ರಿಲಿನಿಂದ ನವೆಂಬರಿಗೆ ಹಾಳೆಗೆ ಮಾತ್ರ ಒಂದು ಒಣ ಗೋಡೌನು ಹಿಡಿ. ತೋಟದವರ ಹಳೆಯ ಅಡಿಕೆ ಗೋಡೌನುಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ, ಶೀತ ಬಾರದಂತೆ ಕಟ್ಟಿದವೇ ಅವು. ಶೆಡ್ಡು ಖಾಲಿಯಾದ ಮೇಲೆ ಒತ್ತುವ ತಟ್ಟೆ ಎಷ್ಟು ಹೆಚ್ಚಿತು, ಮಾರಿದ್ದು ಎಷ್ಟು ಎಂದು ತಿಂಗಳು ತಿಂಗಳು ಬರೆದಿಡು. ದಿನಕ್ಕೆ 700 ಹೆಚ್ಚು ಮಾರಲು ಸಾಧ್ಯವಾದರೆ, ಅದೂ ಊರಿನ ಗಿರಾಕಿಗಳಿಗೆ, ಆಗ ಧೈರ್ಯವಾಗಿ ಹೋಗು.

ಹೋಗುವುದಾದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ. ಒಂದು ಮಳೆಗಾಲ ಬಿಲ್ಡಿಂಗನ್ನು ನೋಡಿದ ಹಾಗೂ ಆಯಿತು, ಹೊಸ ಹಾಳೆ ಬರುವ ಮೊದಲು ಸಾಗಿಸುವ ಭಾರವೂ ಕಡಿಮೆ. ಎರಡು ಯಂತ್ರ ಒಟ್ಟಿಗೆ ಬಿಚ್ಚಬೇಡ, ಒಂದು ಅಲ್ಲಿ ಓಡಿದ ಮೇಲೆ ಇನ್ನೊಂದು. ಲಾರಿಗೆ ಏರಿಸುವ ಮೊದಲು ಹೈಡ್ರಾಲಿಕ್ ಎಣ್ಣೆ ಇಳಿಸಿ, ಹೋಸುಗಳ ಬಾಯಿಗೆ ಮುಚ್ಚಳ ಹಾಕಿಸು, ಮರಳು ಒಂದು ಚಿಟಿಕೆ ಹೋದರೂ ವಾಲ್ವು ಕೆಡುತ್ತದೆ. ಅಲ್ಲಿ ಕನೆಕ್ಷನ್ ಕೊಟ್ಟ ಮೇಲೆ ಸ್ವಿಚ್ಚು ಒಂದು ಕ್ಷಣ ಒತ್ತಿ ಬಿಟ್ಟು ಮೋಟರಿನ ಫ್ಯಾನು ಬಾಣದ ಗುರುತಿನ ಕಡೆಗೇ ತಿರುಗುತ್ತದೆಯೇ ನೋಡಿಸು. ಫೇಸು ಅದಲುಬದಲಾಗಿದ್ದರೆ ಅದು ಹಿಂದಕ್ಕೆ ತಿರುಗುತ್ತದೆ, ಒತ್ತಡ ಬರುವುದಿಲ್ಲ, ಎಣ್ಣೆಯಿಲ್ಲದೆ ಓಡಿದ ಪಂಪು ನಿಮಿಷಗಳಲ್ಲಿ ಹಾಳಾಗುತ್ತದೆ. ಯಾವುದಾದರೂ ಎರಡು ವಯರು ಬದಲಿಸಿದರೆ ಸರಿಯಾಗುತ್ತದೆ. ಕೆಲವು ದಿನ ಸುಮ್ಮನಿದ್ದ ಹೀಟರುಗಳು ತೇವ ಎಳೆದುಕೊಂಡು ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಬೀಳಿಸಬಹುದು. ಆಗ ಇಎಲ್‌ಸಿಬಿಯನ್ನು ತಪ್ಪಿಸಿ ನೇರ ಕೊಡುವವರಿದ್ದಾರೆ, ಒದ್ದೆ ಕೈಯಲ್ಲಿ ಹಾಳೆ ಇಡುವವರ ಜೀವದ ಪ್ರಶ್ನೆ ಅದು, ಒಪ್ಪಬೇಡ. ಹೀಟರು ಬಿಚ್ಚಿಸಿ ಬಿಸಿಲಲ್ಲಿ ಒಣಗಿಸಿ ಮತ್ತೆ ಹಾಕಿಸು.

ಬಿಲ್ಡಿಂಗಿನ ಎತ್ತರ, ಹಿಂದಿನ ಗೋಡೆಯ ಫೋಟೋ, ಹಳೆಯ ಕರೆಂಟು ಬಿಲ್ಲು ಮೂರನ್ನೂ ಕಳಿಸು. ಕರಾರಿನ ಕರಡು ಸಿಕ್ಕಿದರೆ ಅದನ್ನೂ ಕಳಿಸು, ಒಟ್ಟಿಗೆ ಕೂತು ಓದೋಣ.

ಇಂತು ನಿನ್ನ ಗೆಳೆಯ