ಭಾನುವಾರದ ಕೈಗಡಿಯಾರ ಹೋಲಿಕೆ: ಸದಸ್ಯರಿಗೆ ಸೂಚನೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 6 ಗಂಟೆಗೆ ಇದೇ ಗುಂಪಿನಲ್ಲಿ, ಕೈಗೆಟುಕುವ ಬೆಲೆಯ ಗಡಿಯಾರಗಳನ್ನು ಅವುಗಳಿಗೆ ಪ್ರೇರಣೆಯಾದ ದುಬಾರಿ ವಿನ್ಯಾಸಗಳೊಂದಿಗೆ ಹೋಲಿಸಿ ಚರ್ಚಿಸಲಿದ್ದೇವೆ. ಗಡಿಯಾರ ವಿನ್ಯಾಸಕ ಜೆರಾಲ್ಡ್ ಜೆಂಟಾ ರೂಪಿಸಿ 1972ರಲ್ಲಿ ಬಿಡುಗಡೆಯಾದ, ಸ್ವಿಸ್ ಕಂಪನಿ ಆಡೆಮಾರ್ ಪಿಗೆಯ ದುಬಾರಿ ಉಕ್ಕಿನ ಗಡಿಯಾರ ರಾಯಲ್ ಓಕ್‌ನಿಂದ ಆರಂಭಿಸೋಣ.

ಅದರ ಎಂಟು ಮೂಲೆಗಳ ಅಂಚನ್ನು ನೆನಪಿಸುವ ಕ್ಯಾಸಿಯೋ ಜಿಎ-2100 ರಾಳದ ಕವಚದ ಕ್ವಾರ್ಟ್ಜ್ (ಬ್ಯಾಟರಿಯಿಂದ ನಡೆಯುವ) ಗಡಿಯಾರವಾಗಿದ್ದರೂ 200 ಮೀಟರ್ ಜಲನಿರೋಧಕತೆ ಹೊಂದಿದೆ. ಮೂಲವಾದ ರಾಯಲ್ ಓಕ್‌ನ ಹಿರಿಮೆ ಇರುವುದು ಉಕ್ಕಿನ ಮೇಲೆ ಅಕ್ಕಪಕ್ಕದಲ್ಲೇ ಮೂಡಿಸಿದ ಒರಟು ಮತ್ತು ಕನ್ನಡಿಯಂಥ ಹೊಳಪುಗಳಲ್ಲಿ, ಕವಚದೊಂದಿಗೇ ಬೆಸೆದು ಕ್ರಮೇಣ ಕಿರಿದಾಗುವ ಪಟ್ಟಿಯಲ್ಲಿ. ಇದೇ ಬಗೆಯ ಪಟ್ಟಿಯಿರುವ, ಕಡಿಮೆ ಬೆಲೆಯ ಟಿಸ್ಸೋ ಪಿಆರ್‌ಎಕ್ಸ್ ಗಡಿಯಾರವನ್ನು ರಾಯಲ್ ಓಕ್‌ನ ಬರಿಯ ಅನುಕರಣೆ ಎನ್ನುವುದು ನನ್ನ ಮಟ್ಟಿಗೆ ಸರಿಯಲ್ಲ, ಏಕೆಂದರೆ ಅದರ ಮೂಲರೂಪ ಟಿಸ್ಸೋದ್ದೇ, 1978ರಷ್ಟು ಹಳೆಯದು.

ಭಾಗವಹಿಸುವವರು ತಮ್ಮ ಗಡಿಯಾರದ ಮುಂಭಾಗ, ಪಕ್ಕ ಮತ್ತು ಪಟ್ಟಿಯ ಕೊಂಡಿಯ ಚಿತ್ರಗಳನ್ನು ಹಗಲಿನ ಬೆಳಕಿನಲ್ಲಿ ತೆಗೆದು, ವ್ಯಾಸ, ದಪ್ಪ ಹಾಗೂ ಒಳಗಿನ ಯಂತ್ರದ ವಿವರದೊಂದಿಗೆ ಶನಿವಾರ ರಾತ್ರಿಯೊಳಗೆ ಕಳುಹಿಸಬೇಕು. ಬೇರೆ ಕಂಪನಿಯ ಹೆಸರನ್ನೇ ಮುದ್ರಿಸಿಕೊಂಡ ನಕಲಿ ಗಡಿಯಾರಗಳ ಚಿತ್ರ ಅಥವಾ ಮಾರಾಟದ ಲಿಂಕ್‌ಗಳನ್ನು ದಯವಿಟ್ಟು ಹಾಕಬೇಡಿ. ಪ್ರೇರಣೆ ಪಡೆಯುವುದು ಬೇರೆ, ವಂಚನೆ ಬೇರೆ.

ಬರುವವರು ಮಾದರಿಯ ಹೆಸರಿನೊಂದಿಗೆ ಶುಕ್ರವಾರದೊಳಗೆ ಇಲ್ಲಿಯೇ ಉತ್ತರಿಸಬೇಕೆಂದು ವಿನಂತಿ.