ಥೀಸಿಸ್‌ನ ಕೃತಜ್ಞತೆ ಪುಟದಲ್ಲಿ ಬರೆಯದೇ ಉಳಿದಿದ್ದು

ಕಳೆದ ವಾರ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು. ಥೀಸಿಸ್‌ನ ಕೃತಜ್ಞತೆ ಪುಟದಲ್ಲಿ ಗೈಡ್, ವಿಭಾಗ, ಲ್ಯಾಬ್, ಅಪ್ಪ, ಅಮ್ಮ ಅಂತ ಎಲ್ಲರೂ ಬರೆಯುವ ಹಾಗೇ ನಾನೂ ಬರೆದಿದ್ದೇನೆ, ಅದು ಬೈಂಡ್ ಆಗಿ ಲೈಬ್ರರಿಗೂ ಹೋಯಿತು. ಆದರೆ ಮಧ್ಯದಲ್ಲಿ ಸುಮಾರು ಒಂದು ವರ್ಷ ನಾನು ಎಲ್ಲಿದ್ದೆ ಅನ್ನೋದು ಅದರಲ್ಲಿಲ್ಲ. ಆಗ ನನಗೆ ಡಿಪ್ರೆಷನ್ ಆಗಿತ್ತು. ರಜೆ ಹಾಕಿದ್ದೆ. ಹತ್ತಿರದ ಕೆಲವರಿಗೆ ಗೊತ್ತು. ಉಳಿದವರು ಫೀಲ್ಡ್‌ವರ್ಕ್‌ಗೆ ಹೋಗಿದ್ದಾಳೆ ಅಂದುಕೊಂಡಿದ್ದರು, ನಾನೂ ಹಾಗೇ ಇರಲಿ ಅಂತ ಬಿಟ್ಟಿದ್ದೆ.

ವೈವಾ ಆದ ಮೇಲೆ ಬಂದ ಮೆಸೇಜ್‌ಗಳಲ್ಲಿ, ವಿಷಯ ಗೊತ್ತಿದ್ದವರು ಹೆಚ್ಚುಕಮ್ಮಿ ಒಂದೇ ಮಾತು ಬರೆದಿದ್ದಾರೆ. "ನೀನು ತುಂಬಾ ಗಟ್ಟಿ ಕಣೇ, ಬೇರೆಯವರಾಗಿದ್ದರೆ ಬಿಟ್ಟು ಹೋಗ್ತಿದ್ದರು." ಪ್ರೀತಿಯಿಂದ ಹೇಳಿದ್ದೀರಿ, ಸಂತೋಷ. ಆದರೆ ಆಗ ನನ್ನಲ್ಲಿ ಗಟ್ಟಿತನ ಅಂತ ಏನೂ ಇರಲಿಲ್ಲ. ಬೆಳಗ್ಗೆ ಎದ್ದು ಹಲ್ಲುಜ್ಜೋದೇ ದೊಡ್ಡ ಕೆಲಸ ಅನ್ನಿಸುತ್ತಿತ್ತು. ನನ್ನ ಕೈಲಿ ಆಗದ ಚಿಕ್ಕಪುಟ್ಟ ಕೆಲಸಗಳನ್ನು ಒಬ್ಬೊಬ್ಬರು ಒಂದೊಂದಾಗಿ ವಹಿಸಿಕೊಂಡರು, ಹಾಗಾಗಿ ಮುಗಿಯಿತು. ಧೈರ್ಯ ಹೇಳಿದವರು ತುಂಬಾ ಜನ. ಕೆಲಸ ಹಂಚಿಕೊಂಡವರು ಬೆರಳೆಣಿಕೆಯಷ್ಟು. ಈ ಬರಹ ಅವರಿಗೆ. ಹೆಸರು ಹಾಕುತ್ತಿಲ್ಲ, ಓದಿದರೆ ಅವರವರಿಗೆ ಗೊತ್ತಾಗುತ್ತೆ.

ಮೊದಲು ನನ್ನ ರೂಮ್‌ಮೇಟ್.

ಆ ಹೊತ್ತಿಗೆ ನಾನು ಮೇಲ್ ನೋಡೋದನ್ನೇ ನಿಲ್ಲಿಸಿದ್ದೆ. ಗೈಡ್ ಹೆಸರು ಫೋನಿನಲ್ಲಿ ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಫೋನ್ ಮಗುಚಿ ಹಾಕಿ ಮಲಗಿಬಿಡುತ್ತಿದ್ದೆ. ಒಂದು ವಾರ ಉತ್ತರ ಕೊಡದಿದ್ದರೆ ಎರಡನೇ ವಾರ ಕೊಡೋದು ಇನ್ನೂ ಕಷ್ಟ, ಯಾಕೆಂದರೆ ಈಗ ತಡವಾಗಿದ್ದಕ್ಕೂ ಕಾರಣ ಹೇಳಬೇಕಲ್ಲ, ಮೂರನೇ ವಾರಕ್ಕೆ ಆ ಕಾರಣಕ್ಕೂ ಒಂದು ಕಾರಣ ಬೇಕು, ಹೀಗೆ ಬರೆಯಬೇಕಾದ ಮೇಲ್ ತಲೆಯೊಳಗೇ ಉದ್ದ ಆಗುತ್ತಾ ಹೋಗುತ್ತೆ, ಒಂದಕ್ಷರವೂ ಹೊರಗೆ ಬರೋದಿಲ್ಲ. ಒಂದು ಸಂಜೆ ಅವಳು ಲ್ಯಾಪ್‌ಟಾಪ್ ತಂದು ನನ್ನ ಮಂಚದ ಮೇಲೆ ಕೂತಳು. "ಮೂರೇ ಸಾಲು. ನೀನು ಹೇಳು, ನಾನು ಟೈಪ್ ಮಾಡ್ತೀನಿ" ಅಂದಳು. ನನಗೆ ಅದೂ ಆಗಲಿಲ್ಲ. ಕೊನೆಗೆ ಅವಳೇ ಟೈಪ್ ಮಾಡಿ ಓದಿ ಹೇಳಿದಳು.

"ಮೇಡಂ, ಕೆಲವು ವಾರಗಳಿಂದ ನನಗೆ ಹುಷಾರಿಲ್ಲ. ಕೆಲಸ ಮಾಡೋಕಾಗಲಿ ಮೇಲ್ ನೋಡೋಕಾಗಲಿ ಆಗುತ್ತಿಲ್ಲ. ಈ ವಾರ ಹತ್ತು ನಿಮಿಷ ನಿಮ್ಮ ಜೊತೆ ಮಾತಾಡಬಹುದಾ?"

"ಸಾರಿ ಅಂತ ಸೇರಿಸು" ಅಂದೆ. "ಯಾಕೆ, ಕಾಲು ಮುರಿದಿದ್ರೂ ಸಾರಿ ಕೇಳ್ತಿದ್ಯಾ?" ಅಂತ ಹೇಳಿ ಸೆಂಡ್ ಒತ್ತಿಬಿಟ್ಟಳು. ಆ ಮೂರು ಸಾಲನ್ನು ಆಮೇಲೆ ಯಾರು ಯಾರಿಗೋ ಕಳಿಸಿದ್ದೇನೆ. ಬೇಕಾದವರು ಹಾಗೇ ತಗೊಳ್ಳಿ.

ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ನಾನು ಒಳಗಿದ್ದಷ್ಟು ಹೊತ್ತು ಹೊರಗಿನ ಬೆಂಚಿನ ಮೇಲೆ ತನ್ನ ಡೇಟಾ ಶೀಟ್ ಇಟ್ಟುಕೊಂಡು ಕೂತಿರುತ್ತಿದ್ದಳು. ಹೊರಗೆ ಬಂದರೆ "ಏನಂದರು?" ಅಂತ ಒಂದು ದಿನವೂ ಕೇಳಲಿಲ್ಲ. ಇದು ಎಷ್ಟು ದೊಡ್ಡ ಉಪಕಾರ ಅಂತ ಅವಳಿಗೆ ಗೊತ್ತಿದೆಯೋ ಇಲ್ಲವೋ.

ಇನ್ನು ಕೌನ್ಸೆಲರ್. ಹೋದರೆ ಬಾಲ್ಯದಿಂದ ಶುರು ಮಾಡಿ ಎಲ್ಲ ಹೇಳಿ ಅಳಬೇಕಾಗುತ್ತೆ ಅಂದುಕೊಂಡಿದ್ದೆ. ಅವರು ಗೆರೆ ಎಳೆದ ಒಂದು ಹಾಳೆ ಕೊಟ್ಟರು. ಎಡಗಡೆ ಗಂಟೆ, ಮಧ್ಯದಲ್ಲಿ ಆಗ ಏನು ಮಾಡಿದೆ, ಬಲಗಡೆ ಮನಸ್ಸು ಹೇಗಿತ್ತು ಅಂತ 0ಯಿಂದ 10ರೊಳಗೆ ಒಂದು ಅಂಕಿ. ಮೊದಲ ಹಾಳೆ ತುಂಬಾ "ಮಲಗಿದ್ದೆ, 2", "ಫೋನ್, 1", "ಮಲಗಿದ್ದೆ, 2" ಅಂತಲೇ ಇತ್ತು. ಒಂದೇ ಒಂದು ಕಡೆ "ಬಟ್ಟೆ ಒಣಗಿಹಾಕಿದೆ, 4". ಅವರು ಆ 4ರ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ, ತುಂಬಾ ಗಂಭೀರವಾಗಿ, "ನಾಳೆ ಒಗೆಯೋಕೆ ಇನ್ನೇನಾದರೂ ಬಟ್ಟೆ ಉಳಿದಿದೆಯಾ?" ಅಂತ ಕೇಳಿದರು. ನಗು ಬಂದುಬಿಟ್ಟಿತು. ನಕ್ಕು ಎಷ್ಟೋ ಕಾಲವಾಗಿತ್ತು.

ಇದಕ್ಕೆ ಬಿಹೇವಿಯರಲ್ ಆಕ್ಟಿವೇಷನ್ ಅಂತ ಹೆಸರು. ರಿಸರ್ಚ್ ಮಾಡುವವಳ ಬುದ್ಧಿ ಎಲ್ಲಿ ಹೋಗುತ್ತೆ, ಸ್ವಲ್ಪ ಚೇತರಿಸಿಕೊಂಡ ಮೇಲೆ ಹುಡುಕಿ ಓದಿದೆ. ಪೀಟರ್ ಲೆವಿನ್‌ಸನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ ಕೆಲಸ ಇದಕ್ಕೆ ತಳಹದಿ. ಲೆಕ್ಕ ಸರಳ. ಬೇಜಾರಾದಾಗ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾನೆ, ಬಿಟ್ಟ ಕೆಲಸಗಳ ಜೊತೆ ಅದರಿಂದ ಸಿಗುತ್ತಿದ್ದ ಚೂರುಪಾರು ಖುಷಿಯೂ ಹೋಗುತ್ತೆ, ಆಗ ಬೇಜಾರು ಇನ್ನಷ್ಟು ಜಾಸ್ತಿಯಾಗುತ್ತೆ. ಆದ್ದರಿಂದ ಮನಸ್ಸು ಬರಲಿ ಆಮೇಲೆ ಮಾಡೋಣ ಅಂತ ಕಾಯದೆ, ಮಾಡುವಷ್ಟು ಚಿಕ್ಕದನ್ನು ಮೊದಲು ಮಾಡೋದು. ಕೇಳೋಕೆ ಅಜ್ಜಿ ಹೇಳುವ ಬುದ್ಧಿಮಾತಿನ ಹಾಗಿದೆ ಅಲ್ವಾ? ಆದರೆ 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಒಂದು ದೊಡ್ಡ ಪ್ರಯೋಗದಲ್ಲಿ, ಡಿಪ್ರೆಷನ್ ಇದ್ದವರಿಗೆ ಇದು ಸಿಬಿಟಿಗಿಂತ (ಯೋಚಿಸುವ ರೀತಿಯನ್ನು ತಿದ್ದಿಕೊಳ್ಳೋಕೆ ಕಲಿಸುವ ಮಾತಿನ ಚಿಕಿತ್ಸೆ) ಕಮ್ಮಿಯೇನಲ್ಲ ಅಂತ ಕಂಡುಬಂತು. "ಎದ್ದು ಏನಾದರೂ ಮಾಡು" ಅಂತ ಬೈಯುವವರಿಗೂ ನನ್ನ ಕೌನ್ಸೆಲರ್‌ಗೂ ಇರುವ ವ್ಯತ್ಯಾಸ ಏನು ಗೊತ್ತಾ, ಇವರು ನಾನು ಮಾಡಬಲ್ಲ ಅಳತೆಗೆ ಕೆಲಸವನ್ನು ಕತ್ತರಿಸಿ ಕೊಟ್ಟರು. ಥೀಸಿಸ್ ಅನ್ನುವ ಮಾತನ್ನು ತಿಂಗಳುಗಟ್ಟಲೆ ಎತ್ತಲೇ ಇಲ್ಲ.

ಡಾಕ್ಟರ್ ಹತ್ತಿರ ಕಳಿಸಿದವರು ಅವರೇ. ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ಕಮ್ಮಿಯಾದರೂ ಹೀಗೇ ಸುಸ್ತು, ಬೇಜಾರು, ಮಂಪರು ಇರಬಹುದು ಅಂತ. ಥೈರಾಯ್ಡ್ ಸರಿಯಾಗಿಯೇ ಇತ್ತು. ಆಮೇಲೆ ಡಿಪ್ರೆಷನ್ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಒಂದು ಹಾಳೆ. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಎಲ್ಲ ಸೇರಿದರೆ ಹೆಚ್ಚೆಂದರೆ 27. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಬಗ್ಗೆ. ಅಲ್ಲಿ ನಾನು 0 ಹಾಕಿರಲಿಲ್ಲ. ಅವರು ಪೆನ್ ಕೆಳಗಿಟ್ಟು, ದನಿ ತಗ್ಗಿಸದೆ, ನೇರವಾಗಿ ಕೇಳಿದರು, ಅಂಥ ಯೋಚನೆ ಎಷ್ಟು ಸಲ ಬರುತ್ತೆ, ಏನಾದರೂ ತಯಾರಿ ಮಾಡಿಕೊಂಡಿದ್ದೀರಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗೋದಿಲ್ಲ ಅಂತ ಅಧ್ಯಯನಗಳೂ ಹೇಳುತ್ತವೆ, ನನ್ನ ಮಟ್ಟಿಗಂತೂ ಒಬ್ಬರು ಅದನ್ನು ಬಾಯಿಬಿಟ್ಟು ಕೇಳಿದ್ದಕ್ಕೇ ಅರ್ಧ ಭಾರ ಇಳಿಯಿತು. ನಿಮಗೆ ಈಗ ಅಂಥ ಯೋಚನೆ ಬರುತ್ತಿದ್ದರೆ ಈ ಬರಹ ಇಲ್ಲಿಗೇ ಬಿಡಿ, ಇವತ್ತೇ ಹತ್ತಿರದ ಒಬ್ಬರಿಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ.

ಮಾತ್ರೆ ಬಗ್ಗೆ ಅವರು ಹೇಳಿದ್ದು ಇಲ್ಲಿ ಬರೀಬೇಕು, ಯಾಕೆಂದರೆ ಇದನ್ನು ಮೊದಲೇ ಹೇಳಿದ್ದರಿಂದ ನಾನು ಮಧ್ಯದಲ್ಲಿ ಬಿಡಲಿಲ್ಲ. ಹೊಟ್ಟೆ ತೊಳೆಸುವುದು, ನಿದ್ದೆ ಏರುಪೇರಾಗುವುದು ಇವೆಲ್ಲ ಮೊದಲು ಬರುತ್ತೆ, ಗುಣ ಕಾಣೋಕೆ ಕೆಲವು ವಾರ ಬೇಕು. ಅಂದರೆ ಮೊದಲ ಕೆಲವು ದಿನ ಬರೀ ನಷ್ಟ, ಲಾಭ ಆಮೇಲೆ. ಹುಷಾರಾದೆ ಅನ್ನಿಸಿದ ಕೂಡಲೇ ನಿಲ್ಲಿಸಬಾರದು, ಸಾಮಾನ್ಯವಾಗಿ ಆಮೇಲೂ ಕನಿಷ್ಠ 6 ತಿಂಗಳು ಮುಂದುವರಿಸುತ್ತಾರೆ, ಬಿಡುವಾಗಲೂ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. "ನನಗೇ ಯಾಕೆ, ಈ ವಯಸ್ಸಲ್ಲಿ?" ಅಂತ ಕೇಳಿದ್ದಕ್ಕೆ, ಇದು ಹೆಚ್ಚಾಗಿ ಶುರುವಾಗೋದೇ ಈ ವಯಸ್ಸಿನೊಳಗೆ ಅಂದರು. ಅದನ್ನೂ ಹುಡುಕಿ ನೋಡಿದೆ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸಮೀಕ್ಷೆ ಪ್ರಕಾರ, ಜೀವನದಲ್ಲಿ ಯಾವಾಗಲಾದರೂ ಮಾನಸಿಕ ಕಾಯಿಲೆ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅದು 24 ವರ್ಷದೊಳಗೇ ಶುರುವಾಗಿರುತ್ತೆ. ಹೆಚ್ಚಿನವರು ಕಾಲೇಜು, ಯೂನಿವರ್ಸಿಟಿ ಓದುವುದೂ ಆ ವಯಸ್ಸಿನಲ್ಲೇ ಅಲ್ವಾ.

ಗೈಡ್ ಮೇಡಂಗೆ ಥೀಸಿಸ್‌ನಲ್ಲಿ ಥ್ಯಾಂಕ್ಸ್ ಹೇಳಿದ್ದೇನೆ, ಆದರೆ "ಮಾರ್ಗದರ್ಶನಕ್ಕಾಗಿ" ಅಂತ ಬರೆದಿದ್ದೇನೆ. ಅದು ಏನೂ ಸಾಲದು. ಆ ಮೂರು ಸಾಲಿನ ಮೇಲ್ ಹೋದ ದಿನವೇ ಉತ್ತರ ಬರೆದರು. ಕಮಿಟಿಗೆ ತಾವೇ ಹೇಳಿದರು. ಲ್ಯಾಬಿನವರು ಕೇಳಿದರೆ "ರಜೆಯಲ್ಲಿದ್ದಾಳೆ" ಅಷ್ಟೇ, ಅದಕ್ಕಿಂತ ಒಂದು ಮಾತು ಜಾಸ್ತಿ ಇಲ್ಲ. ವಾಪಸ್ ಬಂದ ಮೇಲೆ ವಾರಕ್ಕೊಂದು ದಿನ ಬರಬೇಕು ಅಂತ ಗೊತ್ತು ಮಾಡಿದರು. "ಬರೆದಿಲ್ಲ ಅಂದ್ರೂ ಬಾ. ಬರೆದಿಲ್ಲ ಅಂತ ಹೇಳೋಕಾದ್ರೂ ಬಾ." ನಾನು ಎಷ್ಟೋ ವಾರ ಅದನ್ನೇ ಹೇಳೋಕೆ ಹೋಗಿದ್ದೇನೆ. ನಿಮ್ಮ ಹತ್ತಿರ ಸಂಶೋಧನೆ ಮಾಡುವ ಮಕ್ಕಳಿದ್ದರೆ ದಯವಿಟ್ಟು ಈ ಒಂದು ಮಾತು ಕದ್ದುಕೊಳ್ಳಿ, ಏನೂ ಬರೆಯದೇ ಇದ್ದವರು ಮುಖ ತಪ್ಪಿಸಿಕೊಂಡು ಓಡಾಡೋದು ನಿಲ್ಲುತ್ತೆ.

ಒಂದು ಸಲ ಅವರ ಹತ್ತಿರ, ನನಗೆ ಇಲ್ಲಿ ಸೀಟು ಸಿಕ್ಕಿದ್ದೇ ಯಾವುದೋ ಎಡವಟ್ಟಿನಿಂದ ಇರಬೇಕು, ಇವತ್ತಲ್ಲ ನಾಳೆ ಎಲ್ಲರಿಗೂ ಗೊತ್ತಾಗುತ್ತೆ ಅಂದಿದ್ದೆ. ಅವರು ಸಮಾಧಾನ ಹೇಳಲಿಲ್ಲ. ಪಾಲಿನ್ ಕ್ಲಾನ್ಸ್ ಮತ್ತು ಸುಝನ್ ಐಮ್ಸ್ ಅನ್ನುವ ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಬರೆದ ಪೇಪರ್ ಕಳಿಸಿದರು, ಓದಿನಲ್ಲಿ, ಬಾಳಿನಲ್ಲಿ ಚೆನ್ನಾಗಿ ಮುಂದೆ ಬಂದ ನೂರೈವತ್ತಕ್ಕೂ ಹೆಚ್ಚು ಹೆಂಗಸರ ಜೊತೆ ಕೆಲಸ ಮಾಡಿ ಬರೆದದ್ದು. ಎಲ್ಲರೂ ನಾನು ಹೇಳಿದ್ದನ್ನೇ ಹೇಳಿದ್ದಾರೆ, ಹೆಚ್ಚುಕಮ್ಮಿ ಅದೇ ಮಾತಲ್ಲಿ. ಮೇಲ್‌ನ ಕೆಳಗೆ ಮೇಡಂ ಬರೆದಿದ್ದರು, "ಪುಟ ಎರಡು ನೋಡು. ಅದು ನಾನೇ."

ಈಗ ಯಾರೂ ಥ್ಯಾಂಕ್ಸ್ ಹೇಳದ ಒಬ್ಬರಿಗೆ. ಆಫೀಸಿನಲ್ಲಿ ರಜೆ ಅರ್ಜಿ ತೆಗೆದುಕೊಂಡ ಗುಮಾಸ್ತರು. ಕಾರಣ ಅನ್ನುವ ಜಾಗದಲ್ಲಿ ನನ್ನ ಪೆನ್ನು ನಿಂತುಬಿಟ್ಟಿತ್ತು. ಅವರು ನನ್ನ ಕಡೆ ನೋಡದೆ, ಬೇರೆ ಯಾವುದೋ ಫೈಲಿಗೆ ಸೀಲ್ ಹಾಕುತ್ತಾ, "ಅನಾರೋಗ್ಯ ಅಂತ ಬರೀರಿ ಸಾಕಮ್ಮ, ಸರ್ಟಿಫಿಕೇಟ್ ಕವರಲ್ಲಿ ಹಾಕಿ ಅಂಟಿಸಿ ಕೊಡಿ" ಅಂದರು. ರಜೆ ಮುಗಿಯುವ ಹೊತ್ತಿಗೆ ಅವರೇ ಫೋನ್ ಮಾಡಿದರು, ವಾಪಸ್ ಸೇರೋಕೆ ಕೊನೆ ದಿನಾಂಕ ಹತ್ತಿರ ಬಂತು, ಮರೀಬೇಡಿ ಅಂತ. ಮರೆತಿದ್ದೆ. ಆ ಫೋನ್ ಬರದಿದ್ದರೆ ಪಿಎಚ್‌ಡಿ ಅಲ್ಲಿಗೇ ಮುಗಿಯುತ್ತಿತ್ತು. ಸರ್, ಇದು ನಿಮ್ಮ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ" ಅಂತ ಕಾರಿಡಾರಿನಲ್ಲಿ ನನಗೆ ಕೇಳಿಸುವ ಹಾಗೆ ಹೇಳಿದ ಹಿರಿಯರೊಬ್ಬರಿದ್ದಾರೆ. ಅವರ ಬಗ್ಗೆ ಒಂದು ಪ್ಯಾರಾ ಬರೆದು ಅಳಿಸಿದೆ. ಇರಲಿ.

ಅಮ್ಮ. ನೆಂಟರು "ಇನ್ನೂ ಮುಗಿದಿಲ್ವಾ?" ಅಂತ ಕೇಳಿದಾಗೆಲ್ಲ "ಮುಗಿದಾಗ ನಾವೇ ಹೇಳ್ತೀವಿ" ಅಂತ ಬಾಗಿಲು ಮುಚ್ಚಿದ ಹಾಗೆ ಹೇಳಿ, ಒಂದು ಪ್ರಶ್ನೆಯೂ ನನ್ನ ತನಕ ಬರದ ಹಾಗೆ ನೋಡಿಕೊಂಡಳು. ಅಪ್ಪನಿಗೆ ಡಿಪ್ರೆಷನ್ ಅಂದರೆ ಏನು ಅಂತ ಇವತ್ತಿಗೂ ಪೂರ್ತಿ ಅರ್ಥ ಆಗಿಲ್ಲ ಅನ್ಸುತ್ತೆ. ಆದರೆ ದಿನಾ ರಾತ್ರಿ ಫೋನ್ ಮಾಡಿದರು. ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದು, ನಲ್ಲಿ ಸೋರುತ್ತಿರುವುದು, ರಿಪೇರಿಗೆ ಬರ್ತೀನಿ ಅಂದವನು ಬರದೇ ಇದ್ದದ್ದು, ಬಂದವನು ಇನ್ನೊಂದು ಕಡೆ ಸೋರುವ ಹಾಗೆ ಮಾಡಿ ಹೋದದ್ದು. ನಾನು ಹೂಂ ಅಂದರೆ ಸಾಕು, ಕೆಲವು ದಿನ ಅದೂ ಇಲ್ಲ. ಓದಿನ ಬಗ್ಗೆ ಕೇಳಲೇ ಇಲ್ಲ. ಅಪ್ಪ ಅಷ್ಟು ಮಾತಾಡುವ ಮನುಷ್ಯ ಅಲ್ಲ ಅಂತ ಗೊತ್ತಿರುವವರಿಗೆ, ಆ ನಲ್ಲಿ ಕಥೆಗೆ ಅವರು ಎಷ್ಟು ತಯಾರಿ ಮಾಡಿಕೊಂಡಿರಬೇಕು ಅಂತಲೂ ಗೊತ್ತಾಗುತ್ತೆ.

ಕಾಯಿಲೆ ಒಂದು ಸಲ ಬಂದು ಹೋಗಿ ಮುಗಿಯಿತು ಅಂತಲೂ ಅಲ್ಲ. ವೈವಾಗೆ ಕೆಲವು ವಾರ ಇದ್ದಾಗ ಮತ್ತೆ ಶುರುವಾಗಿತ್ತು. ಆದರೆ ಈ ಸಲ ಇನ್ನೊಂದು ಹಾಳೆ ಇತ್ತು. ಡಾಕ್ಟರ್ ಜೊತೆ ಕೂತು ಮಾಡಿದ್ದು, ಸೇಫ್ಟಿ ಪ್ಲಾನ್ ಅಂತಾರೆ, ಸಾವಿನ ಯೋಚನೆ ಬಂದರೆ ಏನೇನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳೋದು, ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಅನ್ನುವ ಮನಶ್ಶಾಸ್ತ್ರಜ್ಞರು ರೂಪಿಸಿದ್ದು. ಮೊದಲು ನನ್ನದೇ ಮುನ್ಸೂಚನೆಗಳು, ಆಮೇಲೆ ನಾನೊಬ್ಬಳೇ ಮಾಡಬಹುದಾದ್ದು, ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದವರು, ಡಾಕ್ಟರ್ ನಂಬರು, ಸುತ್ತಮುತ್ತ ಅಪಾಯದ ವಸ್ತು ಇರದ ಹಾಗೆ ನೋಡಿಕೊಳ್ಳುವುದು. ನನ್ನ ಮುನ್ಸೂಚನೆಗಳಲ್ಲಿ ಒಂದನೇದು ನಸುಕಿನಲ್ಲೇ ಎಚ್ಚರ ಆಗೋದು, ಎರಡನೇದು ಮೇಲ್ ನೋಡದೇ ಇರೋದು. ಅದರ ಒಂದು ಪ್ರತಿ ರೂಮ್‌ಮೇಟ್ ಹತ್ತಿರ ಇತ್ತು. ಒಂದು ಬೆಳಗ್ಗೆ ಕೂದಲು ಬಾಚಿಕೊಳ್ಳುತ್ತಾ, ಕನ್ನಡಿಯಲ್ಲೇ ನನ್ನನ್ನು ನೋಡಿ, "ನಂಬರ್ ಎರಡು ಶುರುವಾಗಿದೆ, ಫೋನ್ ನಾನು ಮಾಡ್ಲಾ ನೀನು ಮಾಡ್ತೀಯಾ?" ಅಂದಳು. ನಾನೇ ಮಾಡಿದೆ. ಔಷಧದ ಪ್ರಮಾಣ ಸ್ವಲ್ಪ ಬದಲಾಯಿತು, ಕೌನ್ಸೆಲರ್ ಕೊಟ್ಟ ಗಂಟೆಗಳ ಹಾಳೆ ತುಂಬುವ ಕೆಲಸ ಮತ್ತೆ ಶುರುವಾಯಿತು, ವೈವಾ ಹೇಳಿದ ದಿನವೇ ನಡೆಯಿತು.

ಇನ್ನು ಆ ವರ್ಷ ಮೆಸೇಜ್ ಮಾಡಿ, ಉತ್ತರ ಬರದೆ, ಇವಳಿಗೆ ಸೊಕ್ಕು ಅಂದುಕೊಂಡು ಸುಮ್ಮನಾದವರಿದ್ದೀರಿ. ಉತ್ತರ ಬರದಿದ್ದರೂ ತಿಂಗಳಿಗೊಂದು ಸಲ ಸುಮ್ನೆ ಒಂದು ಸಾಲು ಕಳಿಸುತ್ತಲೇ ಇದ್ದವರೂ ಇದ್ದೀರಿ, ಅವನ್ನು ಎಷ್ಟೋ ರಾತ್ರಿ ಮತ್ತೆ ಮತ್ತೆ ಓದಿದ್ದೇನೆ. ಈ ವಾರದಿಂದ ಹಳೇದರಿಂದ ಶುರು ಮಾಡಿ ಒಂದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ. ನೀವು ಯಾವ ಕಾಲದಲ್ಲೋ ಕೇಳಿದ "ಊಟ ಆಯ್ತಾ?"ಗೆ ಈಗ ಇದ್ದಕ್ಕಿದ್ದ ಹಾಗೆ "ಆಯ್ತು, ನಿಂದು?" ಅಂತ ಬಂದರೆ ಗಾಬರಿ ಆಗಬೇಡಿ.